ಹೊಂದಾಣಿಕೆ ಬೇಕೇ, ಬೇಡವೇ?

ದೊಡ್ಡಕ್ಕನಿಗೆ ಬೇಕಾಗಿದ್ದದ್ದು ಒಂದು ಸ್ಟೂಲು. ಒರಗಿಕೊಳ್ಳುವ ಕುರ್ಚಿಯಲ್ಲ, ಮೆತ್ತೆಯಲ್ಲ, ಬಟ್ಟೆ ಮಡಚುವ ಮೇಜಿನ ಎತ್ತರಕ್ಕೆ ಸರಿಹೋಗುವ ಒಂದು ಬರಿಯ ಸ್ಟೂಲು. ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳು ಹತ್ತೊಂಬತ್ತು ವರ್ಷದಿಂದ ನಿಂತೇ ಹಾಸಿಗೆಯ ಬಟ್ಟೆ ಮಡಚುತ್ತಿದ್ದಳು. ಅಲ್ಲಿದ್ದವರಲ್ಲಿ ವಯಸ್ಸಿಗೆ ಹಿರಿಯಳಾದ್ದರಿಂದ ಎಲ್ಲರಿಗೂ ಅವಳು ದೊಡ್ಡಕ್ಕ. ಈಗ ಮಂಡಿಗಳು ಮುಷ್ಕರ ಹೂಡಿದ್ದವು. ಮಧ್ಯಾಹ್ನದ ಹೊತ್ತಿಗೆ ಊದಿಕೊಂಡು, ಬಚ್ಚಲಿಗೆ ಹೋಗಿಬರುವುದೂ ಒಂದು ಪ್ರಯಾಣವಾಗುತ್ತಿತ್ತು.

'ಒಂದು ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲಬಾರದು' ಎಂದು ವೈದ್ಯರು ಚೀಟಿ ಬರೆದುಕೊಟ್ಟಿದ್ದರು. ಅವಳು ಅದನ್ನು ಮೇಲ್ವಿಚಾರಕನ ಕೈಗಿತ್ತು ಮೂರು ತಿಂಗಳಾಗಿತ್ತು. ಈ ಮೇಲ್ವಿಚಾರಕನಿಗೆ ಕೆಲಸದವರು ಇಟ್ಟ ಹೆಸರು ಗುಡುಗಪ್ಪ. ಒಗೆಯುವ ಯಂತ್ರಗಳ ಸದ್ದಿನ ಮೇಲೆ ಕೂಗಿ ಕೂಗಿ, ಯಂತ್ರ ನಿಂತ ಮೇಲೂ ಅವನ ದನಿ ಇಳಿಯುತ್ತಿರಲಿಲ್ಲ. ಕೆಟ್ಟವನೇನಲ್ಲ. ಆದರೆ ಒಳ್ಳೆಯವನಾಗಲು ಅವನಿಗೆ ಪುರುಸೊತ್ತಿರಲಿಲ್ಲ.

"ನೋಡೋಣ ದೊಡ್ಡಕ್ಕ," ಎಂದು ಅವನು ಚೀಟಿಯನ್ನು ಡ್ರಾಯರಿಗೆ ತಳ್ಳಿದ್ದ. "ಎಲ್ರೂ ನಿಂತೇ ಮಾಡ್ತಾರಲ್ಲ, ನಿಮಗೊಬ್ರಿಗೆ ಕೊಟ್ರೆ ನಾಳೆ ಹತ್ತು ಜನ ಬಂದು ನಿಲ್ತಾರೆ. ಸ್ವಲ್ಪ ಹೊಂದ್ಕೊಂಡು ಹೋಗಿ."

ಆ ಮಾತು ಅವಳಿಗೆ ಹೊಸದಲ್ಲ. ಮದುವೆಯಾಗಿ ಹೊರಟಾಗ ಅಮ್ಮ ಕಣ್ಣೊರೆಸಿಕೊಳ್ಳುತ್ತ ಹೇಳಿದ್ದು ಅದೇ: "ಹೊಂದ್ಕೊಂಡು ಹೋಗಮ್ಮ." ಅತ್ತೆ ಬಾಯಿಗೆ ಬಂದಂತೆ ಬೈದ ದಿನ ಗಂಡ ಹೇಳಿದ್ದೂ ಅದೇ. ಆ ಗಂಡ ಇನ್ನೊಂದು ಸಂಸಾರ ಹೂಡಿದಾಗ ಮೈದುನನೂ ಬಂದು ಕೂತು ಅದನ್ನೇ ಹೇಳಿದ್ದ. ಬಗ್ಗಿದವರಿಗೆ ಇನ್ನೊಂದು ಗುದ್ದು ಅನ್ನುತ್ತಾರಲ್ಲ, ಹಾಗೆ. ಕೊನೆಗೆ ಅವಳು ಗಂಟುಮೂಟೆ ಕಟ್ಟಿಕೊಂಡು ತಂಗಿಯ ಜೊತೆ ಎರಡು ಕೋಣೆಯ ಮನೆಯಲ್ಲಿ ಬಂದು ನೆಲೆಸಿದ್ದಳು. ತಂಗಿಯ ಎದೆ ಬಲಹೀನ, ಹೊರಗೆ ದುಡಿಯಲಾಗದು. ಮನೆ ನಡೆಯುತ್ತಿದ್ದದ್ದು ದೊಡ್ಡಕ್ಕನ ಎರಡು ಕಾಲಿನ ಮೇಲೆ.

ಹೀಗಿರುವಾಗ ತರಬೇತಿ ಬಂತು. ಗುಡುಗಪ್ಪನ ಬಾಯಿಯ ಬಗ್ಗೆ ಯಾರೋ ಮೇಲಿನವರಿಗೆ ಮೂಗರ್ಜಿ ಹಾಕಿದ್ದರಂತೆ. ಸಿಬ್ಬಂದಿ ಪರಸ್ಪರ ಸೌಜನ್ಯದಿಂದ ನಡೆದುಕೊಳ್ಳುವುದು ಹೇಗೆ, ಕಷ್ಟವಿರುವವರಿಗೆ ನ್ಯಾಯವಾಗಿ ಅನುಕೂಲ ಮಾಡಿಕೊಡುವುದು ಹೇಗೆ ಎಂದು ಕಲಿಸಲು ಹೊರಗಿನಿಂದ ಒಬ್ಬ ಎಳೆಯ ತರಬೇತುದಾರ ಬಂದ. ಊಟದ ಕೋಣೆಯಲ್ಲಿ ಮೇಜು ಸರಿಸಿ ಎಲ್ಲರನ್ನೂ ಕೂರಿಸಿದರು. ಕೂತದ್ದೇ ದೊಡ್ಡಕ್ಕನಿಗೆ ಅರ್ಧ ಸುಖ.

ಮೊದಲ ಒಂದು ಗಂಟೆ ಗುಡುಗಪ್ಪನಿಗೆ 'ದಯವಿಟ್ಟು' ಕಲಿಸುವುದರಲ್ಲೇ ಹೋಯಿತು. "ಏಯ್, ಆ ಮೂಟೆ ಎತ್ತು!" ಎನ್ನುವುದನ್ನು ಸೌಜನ್ಯದಿಂದ ಹೇಳಿ ತೋರಿಸಬೇಕಿತ್ತು. ಅವನು ಎದ್ದು ನಿಂತು, ಬೆವರು ಒರೆಸಿಕೊಂಡು, "ಏಯ್, ದಯವಿಟ್ಟು ಆ ಮೂಟೆ ಎತ್ತು!" ಎಂದು ಗುಡುಗಿದ. ಕೋಣೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವನೂ ನಕ್ಕ.

ಅಷ್ಟರಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಯಿಂದ ಫೋನು ಬಂತು, ತುರ್ತಾಗಿ ಹಸಿರು ಬಟ್ಟೆ ಬೇಕಂತೆ. ಗುಡುಗಪ್ಪ ಸುತ್ತ ನೋಡಿ, ಹೊಸದಾಗಿ ಕಲಿತ ದನಿಯಲ್ಲಿ, "ದೊಡ್ಡಕ್ಕ, ದಯವಿಟ್ಟು ನೀವು ಹೋಗಿ ಮಡಚಿಕೊಡ್ತೀರಾ? ನಿಮ್ಮಷ್ಟು ಬೇಗ ಯಾರಿಗೂ ಆಗಲ್ಲ" ಎಂದ. ಇಷ್ಟು ಮರ್ಯಾದೆಯಿಂದ ಕೇಳಿದವರಿಗೆ ಇಲ್ಲ ಅನ್ನುವುದು ಹೇಗೆ? ಅವಳು ಮಂಡಿ ಹಿಡಿದುಕೊಂಡು ಎದ್ದು ಹೋದಳು.

ಅವಳು ಹೋದ ಮೇಲೆ ತರಬೇತುದಾರ ಮುಖ್ಯವಾದದ್ದನ್ನು ಹೇಳಿದ. ಕೆಲಸಕ್ಕೆ ತಕ್ಕಂತೆ ಮನುಷ್ಯ ಬಾಗಬೇಕಿಲ್ಲ, ಮನುಷ್ಯನಿಗೆ ತಕ್ಕಂತೆ ಸಂಸ್ಥೆ ಬಾಗಬೇಕು. ನಿಲ್ಲಲಾಗದವರಿಗೆ ಆಸನ, ಕಣ್ಣು ಮಂಜಾದವರಿಗೆ ಹೆಚ್ಚಿನ ಬೆಳಕು. ಇದಕ್ಕೆ ನಮ್ಮ ಕಾಗದಪತ್ರದಲ್ಲಿ 'ಹೊಂದಾಣಿಕೆ' ಎಂದು ಹೆಸರು ಎಂದ. ಒಳ್ಳೆಯ ಮಾತು. ಆದರೆ ಹೊರಗಿನ ನುಡಿಯಿಂದ ಆ ಪದವನ್ನು ಇಳಿಸಿಕೊಂಡ ಪುಣ್ಯಾತ್ಮ ಯಾರೋ, ಈ ಜನ ಅದನ್ನು ಹುಟ್ಟಿದಾಗಿಂದ ಯಾವ ಅರ್ಥದಲ್ಲಿ ಕೇಳಿಸಿಕೊಂಡಿದ್ದಾರೆ ಎಂದು ಒಬ್ಬರನ್ನಾದರೂ ಕೇಳಿದ್ದನೋ ಇಲ್ಲವೋ!

ದೊಡ್ಡಕ್ಕ ಎಂಬತ್ತು ಬಟ್ಟೆ ಮಡಚಿಟ್ಟು ವಾಪಸು ಬಂದಾಗ ಎಲ್ಲರೂ ತರಬೇತುದಾರ ಹಂಚಿದ ಹಾಳೆ ತುಂಬಿ ಏಳುತ್ತಿದ್ದರು. ಅವಳ ಕೈಗೂ ಒಂದು ಬಂತು. ಅವಳಿಗೆ ಓದಲು ಬರುತ್ತಿತ್ತು. ಬಾರದೇ ಇದ್ದಿದ್ದರೆ ಯಾರನ್ನಾದರೂ ಕೇಳುತ್ತಿದ್ದಳು.

'ಕೆಲಸದ ಸ್ಥಳದಲ್ಲಿ ನಿಮಗೆ ಹೊಂದಾಣಿಕೆ ಬೇಕೇ? ಬೇಕು / ಬೇಡ. ವಿವರ ಬರೆಯಿರಿ.'

ಅವಳು ಎರಡು ಸಲ ಓದಿದಳು. ಮಂಡಿಗಳು ಧಗಧಗ ಉರಿಯುತ್ತಿದ್ದವು. ಇನ್ನೂ ಹೊಂದಿಕೊಳ್ಳಬೇಕೇ ಎಂದು ಕೇಳುತ್ತಿದ್ದಾರಲ್ಲ ಇವರು, ಅದೂ ಅಚ್ಚು ಹಾಕಿಸಿ! ಎಲ್ಲಿತ್ತೋ ಅಷ್ಟು ಸಿಟ್ಟು. ಇದುವರೆಗೆ ಅಮ್ಮನಿಗೆ, ಅತ್ತೆಗೆ, ಗಂಡನಿಗೆ, ಗುಡುಗಪ್ಪನಿಗೆ ಹೇಳದೆ ನುಂಗಿಕೊಂಡದ್ದೆಲ್ಲ ಪೆನ್ನಿನ ತುದಿಗೆ ಬಂತು. 'ಬೇಡ' ಎಂಬುದಕ್ಕೆ ಕಾಗದ ಹರಿಯುವಷ್ಟು ಒತ್ತಿ ಗುರುತು ಹಾಕಿದಳು. ಕೆಳಗೆ ದೊಡ್ಡ ಅಕ್ಷರದಲ್ಲಿ 'ಇಷ್ಟು ವರ್ಷ ಮಾಡಿದ್ದು ಸಾಕು' ಎಂದು ಬರೆದು ಸಹಿ ಮಾಡಿದಳು.

ಅಂದು ಸಂಜೆ ಮನೆಗೆ ಹೋಗುವಾಗ ಕಾಲು ಕುಂಟುತ್ತಿದ್ದರೂ ಮನಸ್ಸು ಹಗುರವಾಗಿತ್ತು. "ಇವತ್ತು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟೆ ಕಣೇ," ಎಂದು ತಂಗಿಗೆ ಹೇಳಿ ನಕ್ಕಳು. ಅಕ್ಕ ಹಾಗೆ ನಕ್ಕು ಎಷ್ಟೋ ಕಾಲವಾಗಿತ್ತು. ತಂಗಿಯೂ ಕಾರಣ ಕೇಳದೆ ನಕ್ಕಳು.

ಹದಿನೈದು ದಿನಕ್ಕೆ ಕಚೇರಿಯಿಂದ ಕರೆ ಬಂತು. ಸ್ಟೂಲಿನ ವಿಚಾರವೇ ಇರಬೇಕೆಂದುಕೊಂಡು ಅವಳು ಮೇಲಂಗಿ ಸರಿಮಾಡಿಕೊಂಡು ಮಹಡಿ ಹತ್ತಿದಳು. ಗುಮಾಸ್ತೆ ಎದ್ದು ನಿಂತು ಕುರ್ಚಿ ಎಳೆದುಕೊಟ್ಟಳು. ಅವಳಿಗೂ ತರಬೇತಿ ಆಗಿತ್ತು.

"ದಯವಿಟ್ಟು ಕೂತ್ಕೊಳ್ಳಿ ಅಮ್ಮ. ಇಷ್ಟು ವರ್ಷ ಸೇವೆ ಮಾಡಿದ್ದೀರಿ, ನಿಮ್ಮ ಇಷ್ಟಕ್ಕೆ ನಾವು ಬೆಲೆ ಕೊಡಲೇಬೇಕು. ಈ ತಿಂಗಳ ಕೊನೆಗೆ ಬಿಡುಗಡೆ ಮಾಡ್ತಿದ್ದೀವಿ."

"ಎಲ್ಲಿಂದ ಬಿಡುಗಡೆ?"

ಗುಮಾಸ್ತೆ ಕಡತ ತಿರುಗಿಸಿ ತೋರಿಸಿದಳು. ಡ್ರಾಯರಿನಲ್ಲಿ ಮಲಗಿದ್ದ ವೈದ್ಯರ ಚೀಟಿ ಕೊನೆಗೂ ಎದ್ದು ಬಂದು ಅಲ್ಲಿ ಕೂತಿತ್ತು. ಪಕ್ಕದಲ್ಲೇ ಅವಳ ಹಾಳೆ. "ನಿಲ್ಲೋಕಾಗಲ್ಲ ಅಂತ ವೈದ್ಯರು ಬರೆದಿದ್ದಾರೆ. ಕೂರೋ ವ್ಯವಸ್ಥೆ ಮಾಡಿಕೊಡ್ಬೇಕಾ ಅಂತ ನಾವು ಕೇಳಿದ್ರೆ ನೀವು ಬೇಡ ಅಂದಿದ್ದೀರಿ. ಕೆಲಸ ಮಾಡಿದ್ದು ಸಾಕು ಅಂತಾನೂ ಬರೆದಿದ್ದೀರಿ."

ದೊಡ್ಡಕ್ಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಹಾಳೆಯಲ್ಲಿದ್ದ 'ಹೊಂದಾಣಿಕೆ' ಎಂಬ ಪದದ ಮೇಲೆ ಬೆರಳಿಟ್ಟಳು.

"ಕೆಲಸ ಸಾಕು ಅಂದಿಲ್ಲಮ್ಮ ನಾನು. ಹೊಂದ್ಕೊಂಡಿದ್ದು ಸಾಕು ಅಂದಿದ್ದು. ನಂಗೆ ಬೇಕಾಗಿದ್ದದ್ದು ಒಂದು ಸ್ಟೂಲು."

ಗುಮಾಸ್ತೆಯ ಮುಖ ಸಪ್ಪಗಾಯಿತು. ನಿಜವಾಗಿಯೂ ಸಪ್ಪಗಾಯಿತು, ಅದು ತರಬೇತಿಯದಲ್ಲ. ಫೋನೆತ್ತಿ ಯಾರೊಂದಿಗೋ ತಗ್ಗಿದ ದನಿಯಲ್ಲಿ ಮಾತಾಡಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬರೆದು ಸಹಿ ಹಾಕಿದ್ದಂತೂ ಕೇಳುವುದೇ ಬೇಡ. ಆ ಜಾಗಕ್ಕೆ ಆಗಲೇ ಇನ್ನೊಬ್ಬಳನ್ನು ಗೊತ್ತುಮಾಡಿಯಾಗಿತ್ತು. "ಜಾಗ ಖಾಲಿಯಾದಾಗ ಅರ್ಜಿ ಹಾಕಿ ಅಮ್ಮ, ಖಂಡಿತ ನೋಡ್ತೀವಿ," ಎಂದಳು.

ಕೆಳಗೆ ಯಂತ್ರಗಳ ಬಳಿ ಗುಡುಗಪ್ಪ ಸುದ್ದಿ ಕೇಳಿ ನಿಂತಿದ್ದ. "ಹಾಳೆ ತುಂಬೋ ಮುಂಚೆ ಒಂದು ಮಾತು ನನ್ನ ಕೇಳ್ಬಾರದಿತ್ತಾ ದೊಡ್ಡಕ್ಕ?" ಎಂದ. ಅವನ ದನಿ ಯಂತ್ರದ ಸದ್ದಿನಲ್ಲಿ ಮುಚ್ಚಿಹೋಗುವಷ್ಟು ಸಣ್ಣದಾಗಿತ್ತು. ಅವಳು ಮೇಜಿನ ಮೇಲೆ ಉಳಿದಿದ್ದ ಬಟ್ಟೆಗಳನ್ನು ಸಂಜೆಯವರೆಗೆ ನಿಂತು ಮಡಚಿ ಮುಗಿಸಿದಳು.

ಮನೆಯಲ್ಲಿ ತಂಗಿ ಕಚೇರಿಯ ಕಾಗದವನ್ನು ದೀಪದ ಹತ್ತಿರ ಹಿಡಿದು ಮೂರು ಸಲ ಓದಿದಳು. "ಬೇಡ ಅಂತ ಯಾಕಕ್ಕಾ ಬರೆದೆ?" ಎಂದು ಅಳತೊಡಗಿದಳು. "ಎಲ್ಲದಕ್ಕೂ ಹೂಂ ಅನ್ನೋಳು ನೀನು. ಇದೊಂದಕ್ಕೆ ಬೇಡ ಅನ್ಬೇಕಿತ್ತಾ?"

ದೊಡ್ಡಕ್ಕ ಗೋಡೆ ಹಿಡಿದು ನಿಧಾನವಾಗಿ ನೆಲದ ಮೇಲೆ ಕೂತಳು.

"ಇದೊಂದಕ್ಕೇ ಅಂದೆ ಕಣೇ," ಎಂದಳು.