ಬಿಳಿ ನೆಲದ ಮೇಲೆ ನಾಲ್ಕು ಕಂಬ

“ಆ ಕೊಳಕು ಕಾಲು ಹೊಸ್ತಿಲ ಆಚೆಗೇ ಇರ್ಲಿ ಕಣೇ. ಎಮ್ಮೆ ಥರ ನುಗ್ತೀಯಲ್ಲ, ಮುಂಡೇದೆ.”

ಮನೆ ಯಜಮಾನರ ಮಾತಿಗೆ ಗಾರೆ ಕೆಲಸದ ಅಕ್ಕ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟಳು. ಊಟದ ಕೋಣೆಯ ಆ ಬಿಳಿ ಕಲ್ಲಿನ ನೆಲವನ್ನು ಹೋದ ತಿಂಗಳು ಒಂಬತ್ತು ದಿನ ಮಂಡಿಯೂರಿ ಉಜ್ಜಿ ಹೊಳಪು ತರಿಸಿದವಳು ಅವಳೇ. ಆಗ ಮಂಡಿ ಕೊಳಕಾಗಿರಲಿಲ್ಲ, ಈಗ ಪಾದ ಕೊಳಕಾಗಿತ್ತು. ಹೊಳಪು ಬಂದ ಮೇಲೆ ನೆಲಕ್ಕೂ ದೊಡ್ಡಸ್ತಿಕೆ ಬಂದುಬಿಡುತ್ತದೆ.

ಯಜಮಾನರಿಗೆ ಬೆಳಕಿನ ಹುಚ್ಚು ಹಿಡಿದಿತ್ತು. ನಡುಮನೆಗೂ ಊಟದ ಕೋಣೆಗೂ ಮಧ್ಯದ ಗೋಡೆಯಲ್ಲಿ ಹನ್ನೆರಡು ಅಡಿ ಬಾಯಿ ತೆರೆದು, ಮೇಲೆ ಕಬ್ಬಿಣದ ತೊಲೆ ಕೂರಿಸಬೇಕಂತೆ. ಆ ಗೋಡೆಯೋ ಇಡೀ ಮಹಡಿಯನ್ನು ತಲೆಯ ಮೇಲೆ ಹೊತ್ತು ನಿಂತಿತ್ತು. ಹೊರುವವರ ಕಡೆ ತಿರುಗಿ ನೋಡಿ ಅಭ್ಯಾಸವಿಲ್ಲದ್ದರಿಂದ ಯಜಮಾನರಿಗೆ ಅದು ಕಂಡಿರಲಿಲ್ಲ.

ಒಡೆಯುವ ಮುಂಚೆ ಗೋಡೆಗೆ ತೂತು ಕೊರೆದು, ಅಡ್ಡತೊಲೆ ತೂರಿಸಿ, ಎರಡೂ ತುದಿಗೆ ಕಂಬ ಕೊಡಬೇಕು. ಆಚೆ ಒಂದು, ಈಚೆ ಒಂದು. ನಾಲ್ಕು ಅಡ್ಡತೊಲೆಗೆ ಎಂಟು ಕಂಬ. ಯಜಮಾನರು ನಡುಮನೆಯ ಕಡೆ ನಾಲ್ಕು ಸಾಕು ಎಂದರು; ಆಚೆ ಊರಿದರೆ ಬಿಳಿ ಕಲ್ಲಿಗೆ ಗೀರು ಬೀಳುತ್ತದಲ್ಲ. ಮೇಸ್ತ್ರಿ ‘ಹೌದು ಸ್ವಾಮಿ’ ಎನ್ನುವುದರಲ್ಲಿ ಊರಿಗೇ ಹೆಸರಾದವನು. ಹೌದು ಸ್ವಾಮಿ ಎಂದ. ಇಂಜಿನಿಯರ್ ಬಂದು ಫೋಟೋ ತೆಗೆದುಕೊಂಡು, ತಂಪಾಗಿ ಏನೋ ಕುಡಿದು ಹೋದರು.

ಹೀಗೆ ಒಂಟಿಕಾಲಲ್ಲಿ ನಿಂತ ಗೋಡೆಯ ಕೆಳಗೆ ಸ್ಟೂಲು ಹತ್ತಿ ಇಟ್ಟಿಗೆ ಬಿಡಿಸುತ್ತಿದ್ದವಳು ಅಕ್ಕನ ಒಡಹುಟ್ಟಿದ ತಂಗಿ. ಮೂರು ಅಡಿ ಬಿಡಿಸಿಯಾಗಿತ್ತು.

ಬೆಳಿಗ್ಗೆ ಮೇಲುಗಡೆ ಕೂದಲೆಳೆಯಷ್ಟು ಬಿರುಕು ಕಂಡಾಗ, ಅಕ್ಕ ಅದಕ್ಕೆ ಅಡ್ಡಲಾಗಿ ಬೆರಳಲ್ಲಿ ಸುಣ್ಣದ ಪಟ್ಟಿ ಎಳೆದಿದ್ದಳು. ಗೋಡೆ ಸುಮ್ಮನಿದ್ದರೆ ಪಟ್ಟಿ ಒಣಗಿ ಹಾಗೇ ಇರುತ್ತದೆ, ಕದಲಿದರೆ ಸೀಳುತ್ತದೆ. ಮಧ್ಯಾಹ್ನ ನೋಡಿದರೆ ಸೀಳಿತ್ತು. ಅದನ್ನು ಹೇಳುವುದಕ್ಕೇ ಅವಳು ಹೊಸ್ತಿಲವರೆಗೆ ಬಂದದ್ದು.

“ಗೋಡೆ ಇಳೀತಿದೆ ಸ್ವಾಮಿ. ಈ ಕಡೆಗೂ ಕಂಬ ಕೊಡ್ಬೇಕು.”

“ಬಣ್ಣ ಬಳಿದ್ರೆ ಮುಚ್ಚೋಗುತ್ತೆ. ನಿಮ್ಮಂಥೋರು ಬೀದೀಲಿ ನೂರು ಜನ ಸಿಕ್ತಾರೆ, ಈ ಕಲ್ಲು ಸಿಗಲ್ಲ.”

ಮಾತು ನಿಜವೇ. ಕಲ್ಲು ಹಡಗಿನಲ್ಲಿ ಬಂದಿತ್ತು, ತಂಗಿ ನಡೆದುಕೊಂಡು ಬಂದಿದ್ದಳು.

ಅಷ್ಟರಲ್ಲಿ ತಂಗಿಯ ತಲೆಗೆ ಗಾರೆಪುಡಿ ಉದುರಿತು. ಅವಳು ಸೆರಗಲ್ಲಿ ಒರೆಸಿಕೊಂಡು ಮತ್ತೆ ಉಳಿ ಎತ್ತಿದಳು.

“ಇಳಿಯೇ ಕೆಳಗೆ,” ಎಂದಳು ಅಕ್ಕ.

ಆಮೇಲೆ ಅವಳು ಯಾರನ್ನೂ ಕೇಳಲಿಲ್ಲ. ಮೂಲೆಯಲ್ಲಿ ಉಳಿದಿದ್ದ ನಾಲ್ಕರಲ್ಲಿ ಕಂಬವೊಂದನ್ನು ಹೆಗಲಿಗೇರಿಸಿ ಹೊಸ್ತಿಲು ದಾಟಿದಳು. ಬಿಳಿ ನೆಲದ ಮೇಲೆ ಕೆಸರಿನ ಹೆಜ್ಜೆ ಸಾಲಾಗಿ ಮೂಡಿದವು. ಕಂಬದ ಬುಡ ದರದರ ಎಳೆದ ಕಡೆ ಮೊಳದುದ್ದ ಗೀರು ಬಿತ್ತು. ಅಂತರದಲ್ಲಿ ಚಾಚಿಕೊಂಡಿದ್ದ ಅಡ್ಡತೊಲೆಯ ತುದಿಗೆ ಕಂಬ ಕೊಟ್ಟು, ಬುಡಕ್ಕೆ ಬೆಣೆ ಇಟ್ಟು ಬಿಗಿಯಾಗಿ ಹೊಡೆದಳು. ಎರಡನೆಯದನ್ನು ತಂಗಿ ಹೊತ್ತು ತಂದಳು. ನಾಲ್ಕೂ ನಿಂತವು.

ಯಜಮಾನರಿಗೆ ಈಗ ಬಾಯಿ ಬಂತು. “ಬೋಸುಡಿ, ಕಿತ್ತಾಕು ಅದನ್ನ. ಈಗ್ಲೇ.”

ಅಕ್ಕ ಅವರ ಕೈ ಹಿಡಿದು ಅದರಲ್ಲಿ ಸುತ್ತಿಗೆ ಇಟ್ಟಳು.

“ನೀವೇ ಕೀಳಿ ಸ್ವಾಮಿ. ನಾವು ಬೀದೀಲಿರ್ತೀವಿ, ಆ ನೂರು ಜನದ ಜೊತೆ.”

ಯಜಮಾನರು ಮೇಸ್ತ್ರಿಯ ಕಡೆ ತಿರುಗಿದರು. ಹೌದು ಸ್ವಾಮಿ ಎನ್ನಲು ಮೇಸ್ತ್ರಿ ಅಲ್ಲಿರಲಿಲ್ಲ. ಹೆಂಗಸರಿಗಿಂತ ಮುಂಚೆ ಬೀದಿ ಸೇರಿದ್ದ.

ಬೀದಿಯಿಂದ ಕಿಟಕಿಯಲ್ಲಿ ಎಲ್ಲಾ ಕಾಣುತ್ತಿತ್ತು. ಯಜಮಾನರು ಸುತ್ತಿಗೆ ಹಿಡಿದು ಕಂಬದ ಕಡೆ ಒಂದು ಕಾಲು ಎತ್ತಿದರು. ಸುಣ್ಣದ ಪಟ್ಟಿಯ ಕಡೆ ಕತ್ತೆತ್ತಿ ನೋಡಿದರು. ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟರು.