ಎರಡೂ ಕೈಗಳಲ್ಲಿ ಚಹಾ

ಎಪ್ಪತ್ತಮೂರರ ಡಿಸೆಂಬರಿನಲ್ಲಿ, ಬಣ್ಣ ಬಳಿಯಲೆಂದು ಗೋರೆಗಾಂವಿನ ನಮ್ಮ ಹೋಟೆಲು ಮುಚ್ಚಿದ್ದ ಒಂದು ದಿನ, ಹಟ ಹಿಡಿದು ಎಲ್ಲರನ್ನೂ ಬೋರಿವಲಿಯ ನ್ಯಾಷನಲ್ ಪಾರ್ಕಿಗೆ ಹೊರಡಿಸಿದವಳು ನಾನೇ. ಕನ್ಹೇರಿ ಗುಹೆಗಳ ಬೆಟ್ಟ ಹತ್ತಿದ ಮೇಲೆ ಅತ್ತೆಯನ್ನು ನೆರಳಿನಲ್ಲಿ ಕೂರಿಸಲು ಹೋಗುವಾಗ ಗಂಡನಿಗೆ ಹೇಳಿದ್ದೆ: "ವಿನೋದಿನಿಯ ಕೈ ಬಿಡಬೇಡಿ."

ತಿರುಗಿ ಬಂದರೆ ಅವರು ಚಹಾದ ಗೂಡಂಗಡಿಯ ಒಳಗೇ ನಿಂತಿದ್ದರು. ಅಂಗಡಿಯವನು ನಮ್ಮೂರ ಹತ್ತಿರದ ಕಾಪು ಕಡೆಯವನಂತೆ. "ಇದು ಚಹಾವಾ ಮಾರಾಯ, ಪಾತ್ರೆ ತೊಳೆದ ನೀರಾ? ಕೊಡು ಇಲ್ಲಿ, ಮಾಡಿ ತೋರಿಸ್ತೇನೆ," ಎನ್ನುತ್ತಾ ಗಂಡ ಎರಡೂ ಕೈಗಳಲ್ಲಿ ಚಹಾ ಎತ್ತಿ ಎರೆಯುತ್ತಿದ್ದರು.

ಎರಡೂ ಕೈಗಳಲ್ಲಿ! ಹಾಗಾದರೆ ಮಗು?

ನಾಲ್ಕು ವರ್ಷದ ಮಗಳು ವಿನೋದಿನಿ ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಯ ಅಂಚಿನಲ್ಲಿ ಬೋರಲು ಮಲಗಿ ಪಾಚಿಗೆ ಕೈ ಚಾಚಿದ್ದಳು. ಓಡಿಹೋಗಿ ಕಾಲು ಹಿಡಿದು ಎಳೆದೆ, ಗಂಡನತ್ತ ತಿರುಗಿ ರೇಗಿದೆ.

"ಬಿದ್ದಿಲ್ಲವಲ್ಲ, ಯಾಕೆ ಬೊಬ್ಬೆ?" ಗಂಡ ಗ್ಲಾಸು ಚಾಚಿದರು. "ಕುಡಿ, ಸಿಟ್ಟು ಇಳೀತದೆ."

ಗ್ಲಾಸನ್ನು ಬಂಡೆಗೆ ಅಪ್ಪಳಿಸಿದೆ.

ಸದ್ದಿಗೆ ಅತ್ತೆ ಎದ್ದು ಬಂದರು. "ಎಂತ ಆಯ್ತು?"

ಅತ್ತೆಗೆ ನಿಜ ಹೇಳಿದರೆ, ತಾಯಿ ಎಲ್ಲಿ ಸತ್ತಿದ್ದಳು ಎಂದು ನನ್ನನ್ನೇ ಕೇಳುತ್ತಾರೆ. ಮತ್ತೆಂದೂ ನಮ್ಮನ್ನು ಹೊರಗೆ ಬಿಡುವುದಿಲ್ಲ.

"ಗ್ಲಾಸು ಜಾರಿತು," ಎಂದೆ. ಅತ್ತೆಗೆ, ಅಮ್ಮನಿಗೆ, ಯಾರಿಗೂ ಇದನ್ನು ಹೇಳುವುದಿಲ್ಲವೆಂದು ಅಲ್ಲೇ ನಿರ್ಧರಿಸಿದೆ. ಗಂಡ ನಿರಾಳವಾಗಿ ನಕ್ಕರು. ಅವರನ್ನು ಉಳಿಸಲಿಕ್ಕೆ ಸುಮ್ಮನಾದೆನೆಂದು ತಿಳಿದುಕೊಂಡಿರಬೇಕು.