ಅನಗತ್ಯ ವಿವರ

'ಕೇಳುಕಟ್ಟೆ'ಯಲ್ಲಿ ಮೇಲ್ವಿಚಾರಕಿ ಸುಮನಾಳ ಕತ್ತರಿಗೆ ಹೆಸರಿತ್ತು. ಕನ್ನಡದಲ್ಲಿ ವಿಜ್ಞಾನದ ಪ್ರಶ್ನೋತ್ತರಕ್ಕೆಂದೇ ಇದ್ದ ಆ ಜಾಲತಾಣದಲ್ಲಿ ನಮಸ್ಕಾರ, ಮನೆಯ ಕಥೆ, ಫೋನ್ ನಂಬರು ಯಾವುದಕ್ಕೂ ಜಾಗವಿಲ್ಲ. ಪ್ರಶ್ನೆ ಮಾತ್ರ ಉಳಿಯಬೇಕು. ಕೊಪ್ಪದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಅವಳಿಗೆ ಈ ನಿಯಮ ಹಿಡಿಸಿತ್ತು. ಸೋಸಿದ ದ್ರಾವಣದಂತೆ ಪುಟ ತಿಳಿಯಾಗಿರುತ್ತಿತ್ತು.

ಸೋಮವಾರ ನರಸಿಂಹರಾಜಪುರದ ಅಕ್ಕಿ ವ್ಯಾಪಾರಿ ಅನ್ವರ್ ಎಂಬಾತನ ಪ್ರಶ್ನೆ ಬಂತು. ದಾಸ್ತಾನಿಗೆ ಹುಳ ಬಿದ್ದಿದೆ, ಹುಳ ಕೊಲ್ಲುವ ಗ್ಯಾಸ್ ಮಾತ್ರೆ ಇಟ್ಟಿದ್ದೇನೆ, ಕೋಣೆಯನ್ನು ಎಷ್ಟು ದಿನ ಮುಚ್ಚಿಡಬೇಕು? ಅದರ ಹಿಂದೆ ಮುಂದೆ ಬಿಡದ ಮಳೆ, ಒಣಗದ ಮೂಟೆ, ಕೋಣೆಯ ಮೇಲಿನ ಹಲಗೆ ಅಟ್ಟದಲ್ಲಿ ಮಲಗುವ ತಾಯಿ ರಹೀಮುನ್ನೀಸಾ, ಆಕೆಯ ಕಾಲುನೋವು. ಕೊನೆಗೆ ಅಂಗಡಿಯ ನಂಬರು.

ಪರದೆಯ ಮೂಲೆಯ ಚಾಟ್‌ನಲ್ಲಿ ಶೃಂಗೇರಿಯ ಕಾಂತೇಶ್, ಇನ್ನೊಬ್ಬ ಮೇಲ್ವಿಚಾರಕ, ಹರಟುತ್ತಿದ್ದ. "ಎಂತ ಮಾರಾಯ್ತಿ, ಹರಿಕಥೆ ಬರ್ದಿದಾನಲ್ಲ!"

"ಮಂಗಳಾರತಿ ಮಾಡ್ತೀನಿ ತಡಿ" ಎಂದು ಟೈಪಿಸಿ, ಸುಮನಾ ಒಂದೇ ಸಾಲು ಉಳಿಸಿದಳು. ಕಾರಣ: ಅನಗತ್ಯ ವಿವರ ತೆಗೆಯಲಾಗಿದೆ.

ಉಳಿದ ಆ ಸಾಲಿಗೆ ಕಾಂತೇಶ್ ಉತ್ತರ ಬರೆದ: ಐದು ದಿನ, ಗಾಳಿಯಾಡದಂತೆ. ಉತ್ತರ ಸರಿಯಾಗಿತ್ತು. ಮೆಚ್ಚುಗೆಗಳೂ ಬಿದ್ದವು.

ಬುಧವಾರ ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಪುಟ ತೆರೆದಾಗ, ಮೇಲ್ವಿಚಾರಕರಿಗೆ ಮಾತ್ರ ಕಾಣುವ ಮಾಸಲು ಬಣ್ಣದಲ್ಲಿ ಅಳಿಸಲಾದ ಅನ್ವರನ ಮಾತೊಂದಿತ್ತು. 'ಅಮ್ಮಿಗೆ ನಿನ್ನೆಯಿಂದ ವಾಂತಿ, ತಲೆಸುತ್ತು. ಮಾತ್ರೆಯಿಂದ ಇರಬಹುದೆ?' ಅದರಡಿ ಕಾಂತೇಶನ ಷರಾ: ಹೊಸ ಪ್ರಶ್ನೆಯನ್ನು ಬೇರೆಯಾಗಿ ಕೇಳಿ. ಅನ್ವರ್ ಬೇರೆಯಾಗಿಯೂ ಕೇಳಿದ್ದ. ಅದನ್ನು ಮತ್ಯಾರೋ ಮುಚ್ಚಿದ್ದರು: ವೈದ್ಯಕೀಯ ಸಲಹೆ ಇಲ್ಲಿಲ್ಲ.

ಹಲಗೆ ಅಟ್ಟ. ಸುಮನಾಳಿಗೆ ತಾನು ಅಳಿಸಿದ್ದ ಸಾಲು ನೆನಪಾಯಿತು. ಹಲಗೆಯ ಸಂದಿ ಆ ಅನಿಲಕ್ಕೆ ತೆರೆದ ಬಾಗಿಲೇ. ಹಳೆಯ ಪ್ರತಿಯಿಂದ ತಾನೇ ಕತ್ತರಿಸಿದ್ದ ನಂಬರನ್ನು ಹುಡುಕಿ ಒತ್ತಿದಳು.

"ಅನ್ವರ್ ಅವ್ರಾ? ಕೇಳುಕಟ್ಟೆಯಿಂದ. ಅಮ್ಮಿ ಎಲ್ಲಿದಾರೆ?"

"ಅಟ್ಟದ ಮೇಲೆ ಮೇಡಂ. ವಾಂತಿ ನಿಂತಿದೆ, ಈಗ ಒಳ್ಳೆ ನಿದ್ದೆ ಹತ್ತಿದೆ. ಕಿಟ್ಕಿ ಬಾಗ್ಲಿಗೆಲ್ಲ ಟೇಪ್ ಹೊಡ್ದಿದೀನಿ, ನೀವು ಹೇಳ್ದಂಗೇ."

"ಟೇಪ್ ಬಿಡಿ! ಅವರನ್ನ ಮೊದ್ಲು ಹೊರಗೆ ತನ್ನಿ. ಆಸ್ಪತ್ರೆಗೆ ಹೋಗಿ. ಅದು ಮನುಷ್ಯರಿಗೂ ವಿಷ!"

ಜಗಳವಾಡುವ ದನಿಯಲ್ಲಲ್ಲ, ನಿಜಕ್ಕೂ ಅರ್ಥವಾಗದವನಂತೆ ಅವನೆಂದ: "ಅಮ್ಮಿ ಮೇಲೆ ಮಲಗ್ತಾರೆ ಅಂತ ಬರ್ದಿದ್ನಲ್ಲ ಮೇಡಂ. ನೀವ್ಯಾರೂ ಏನೂ ಅನ್ಲಿಲ್ಲ. ಹಂಗಾದ್ರೆ ತೊಂದ್ರೆ ಇಲ್ಲ ಅಂದ್ಕೊಂಡೆ."

ರಿಸೀವರನ್ನು ಮೇಜಿನ ಮೇಲೆ ಇಟ್ಟ ಸದ್ದು. ಮರದ ಮೆಟ್ಟಿಲ ಮೇಲೆ ಹೆಜ್ಜೆಗಳು. "ಅಮ್ಮೀ" ಎಂದು ಮೆಲ್ಲಗೆ ಕರೆದ. ಮತ್ತೆ, ಗಟ್ಟಿಯಾಗಿ. ಮೂರನೆಯ ಸಲ ಅವನು ಕೂಗಿದ್ದು ಅಮ್ಮಿಯನ್ನಲ್ಲ, ಬೀದಿಯವರನ್ನು.